ಮನೆಯ ಕೋಣೆಯನ್ನು ಆಪ್‌ಗೆ ಹಾಕುವ ಮೊದಲು: ಕಾಸರಗೋಡಿನ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ ನಮ್ಮ ಮನೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಮಹಡಿಯ ಎರಡು ಕೋಣೆ ಖಾಲಿ ಬಿದ್ದಿದ್ದವು. ಕೆಲವು ವರ್ಷಗಳಿಂದ ಅಲ್ಲಿ ಅತಿಥಿಗಳು ಉಳಿಯುತ್ತಾರೆ. ಬೇಕಲ ಕೋಟೆ ನೋಡಲು ಬಂದವರು, ಮಧೂರಿಗೆ ಬಂದವರು, ಪೊಸಡಿ ಗುಂಪೆ ಹತ್ತಲು ಬಂದ ಹುಡುಗರು. 2023ರ ಏಪ್ರಿಲ್‌ನಲ್ಲಿ ತಿರುವನಂತಪುರದಿಂದ ಕಾಸರಗೋಡಿಗೆ ವಂದೇ ಭಾರತ್ ರೈಲು ಶುರುವಾದ ಮೇಲೆ ತೆಂಕಣದ ಕಡೆಯವರೂ ಬರತೊಡಗಿದರು.

ಅಂದಿನಿಂದ ಮದುವೆ ಮನೆ, ಬಸ್ ನಿಲ್ದಾಣ, ಸೊಸೈಟಿಯ ಜಗಲಿ, ಎಲ್ಲಿ ಸಿಕ್ಕಿದರೂ ಜನ ಬುಕ್ಕಿಂಗ್ ಆಪ್ ಮೂಲಕ ಮನೆಯ ಕೋಣೆ ಕೊಡುವುದು ಹೇಗೆ ಎಂದೇ ಕೇಳುತ್ತಾರೆ. ನಾನು ವಕೀಲನಲ್ಲ. ಆದರೆ ಕಾಗದಪತ್ರ ಹಿಡಿದು ಸಾಕಷ್ಟು ಅಲೆದಿದ್ದೇನೆ. ಹೇಳಿದ್ದನ್ನೇ ಹೇಳಿ ಸಾಕಾಯಿತು, ಅದಕ್ಕೇ ಬರೆದಿಟ್ಟೆ.

ಹೋಂಸ್ಟೇ ಅಂದರೆ ಸರಿಯಾಗಿ ಯಾವುದು? ಬಾಡಿಗೆಗೆ ಕೊಡುವ ಎಲ್ಲ ಮನೆಯೂ ಹೋಂಸ್ಟೇ ತಾನೇ?

ಅಲ್ಲ. ಗೊಂದಲ ಶುರುವಾಗುವುದೇ ಇಲ್ಲಿ. ಯಜಮಾನರು ಅಥವಾ ಅವರ ಕುಟುಂಬ ಅದೇ ಮನೆಯಲ್ಲಿ ವಾಸವಾಗಿರಬೇಕು. ಅತಿಥಿಗಳಿಗೆ ಒಂದರಿಂದ ಆರು ಕೋಣೆಯವರೆಗೆ ಕೊಡಬಹುದು. ಕೇರಳ ಪ್ರವಾಸೋದ್ಯಮ ಇಲಾಖೆಯ ಲೆಕ್ಕದಲ್ಲಿ ಅದು ಹೋಂಸ್ಟೇ. ಕೇಂದ್ರ ಸರ್ಕಾರದ ‘ಇನ್‌ಕ್ರೆಡಿಬಲ್ ಇಂಡಿಯಾ’ ಬೆಡ್ ಆಂಡ್ ಬ್ರೇಕ್‌ಫಾಸ್ಟ್ ಯೋಜನೆಯಲ್ಲೂ ಆರು ಕೋಣೆ, ಹನ್ನೆರಡು ಹಾಸಿಗೆಯೇ ಮಿತಿ.

ಯಾರೂ ವಾಸವಿಲ್ಲದ ಮನೆಗೆ ಬೀಗದ ಕೀ ಕೊಟ್ಟು ಕಳಿಸಿದರೆ ಅದು ಹೋಂಸ್ಟೇ ಅಲ್ಲ. ಆಪ್‌ನಲ್ಲಿ ಹಾಗೆ ಬರೆದುಕೊಂಡಿರಬಹುದು, ಅದು ಬೇರೆ ಮಾತು.

ಆಪ್‌ನವರು ಆಧಾರ್, ಬ್ಯಾಂಕ್ ಖಾತೆ, ಫೋಟೋ ಎಲ್ಲ ನೋಡಿ ಒಪ್ಪಿದ್ದಾರೆ. ಇನ್ನೇನು ಬೇಕು?

ನನ್ನನ್ನು ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ ಇದೇ. ಆಪ್‌ನವರು ನೋಡಿದ್ದು ನೀವು ನಿಜವಾದ ಮನುಷ್ಯರೇ, ಹಣ ಯಾರ ಖಾತೆಗೆ ಹಾಕಬೇಕು ಎಂಬುದನ್ನು. ಆ ಮನೆಯಲ್ಲಿ ಹಣ ತೆಗೆದುಕೊಂಡು ಜನರನ್ನು ಇರಿಸಲು ನಿಮಗೆ ಅನುಮತಿ ಇದೆಯೇ ಎಂಬುದನ್ನು ಅಲ್ಲ. ಸೇರುವಾಗ ಒಂದು ಉದ್ದದ ಒಪ್ಪಂದಕ್ಕೆ ‘ಒಪ್ಪಿದೆ’ ಎಂದು ಒತ್ತುತ್ತೀರಿ ನೋಡಿ, ಅದರಲ್ಲಿ ಸ್ಥಳೀಯ ಕಾನೂನು ಪಾಲಿಸುವುದು ಮನೆಯವರ ಹೊಣೆ ಎಂದು ಬರೆದಿರುತ್ತದೆ. ಏರ್‌ಬಿಎನ್‌ಬಿ ಇರಲಿ, ಬುಕ್ಕಿಂಗ್ ಡಾಟ್ ಕಾಮ್ ಇರಲಿ, ಹೊಣೆಯನ್ನು ನಮ್ಮ ತಲೆಗೇ ಕಟ್ಟುತ್ತಾರೆ.

ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಇಷ್ಟು: ಲಿಸ್ಟಿಂಗ್ ಬಂತು ಎಂದರೆ ಲೈಸೆನ್ಸ್ ಬಂತು ಎಂದಲ್ಲ.

ಸರಿ, ಎಲ್ಲೆಲ್ಲಿಗೆ ಹೋಗಬೇಕು?

ಮೊದಲು ಪಂಚಾಯತ್. ಕಾಸರಗೋಡು ಪೇಟೆಯವರಾದರೆ ನಗರಸಭೆ. ವ್ಯಾಪಾರದ ಲೈಸೆನ್ಸ್ ಕೊಡುವುದು ಅವರೇ. ಕಟ್ಟಡದ ಬಳಕೆಯ ವರ್ಗ ಯಾವುದು ಎಂದು ನೋಡುವವರೂ ಅವರೇ. ಕೇರಳದ ಕಟ್ಟಡ ನಿಯಮದಲ್ಲಿ ವಾಸದ ಮನೆ ಎ1, ಲಾಡ್ಜ್ ಥರದ್ದು ಎ2. ನಿಮ್ಮ ಮನೆ ನಂಬರು ಯಾವ ವರ್ಗದಲ್ಲಿದೆ ಎಂದು ತೆರಿಗೆ ರಶೀದಿ ಹಿಡಿದುಕೊಂಡು ಹೋಗಿ ಕೇಳಿ. ಆಮೇಲೆ ತೆರಿಗೆಯಲ್ಲಿ ವ್ಯತ್ಯಾಸ ಬಂದಾಗ ಕಣ್ಣು ಬಿಡುವುದಕ್ಕಿಂತ ಮೊದಲೇ ಕೇಳುವುದು ಲೇಸು.

ಈಗ ಅರ್ಜಿ ಹಾಕುವುದು ಕೆ-ಸ್ಮಾರ್ಟ್ ಎಂಬ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯ ಮೂಲಕ. ನಗರಸಭೆಗಳಿಗೆ ಇದು 2024ರ ಜನವರಿ 1ಕ್ಕೆ ಬಂತು, ಗ್ರಾಮ ಪಂಚಾಯತ್‌ಗಳಿಗೆ 2025ರ ಏಪ್ರಿಲ್‌ನಲ್ಲಿ. ನಿಮಗೆ ಕಂಪ್ಯೂಟರ್ ಒಗ್ಗದಿದ್ದರೆ ಹತ್ತಿರದ ಅಕ್ಷಯ ಕೇಂದ್ರಕ್ಕೆ ಹೋಗಿ. ಸ್ಕ್ಯಾನ್ ಮಾಡಿದ ಕಾಗದಗಳನ್ನು ಒಂದು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಪ್ರತಿ ಸಲ ಸ್ಕ್ಯಾನ್ ಮಾಡಿಸುವುದಕ್ಕೇ ನನಗೆ ಸಾಕಷ್ಟು ದುಡ್ಡು ಹೋಗಿದೆ.

ಎರಡನೆಯದು ಪ್ರವಾಸೋದ್ಯಮ ಇಲಾಖೆಯ ವರ್ಗೀಕರಣ. ಅದಕ್ಕೆ ಪೊಲೀಸ್ ಕ್ಲಿಯರೆನ್ಸ್ ಬೇಕಾಗುತ್ತದೆ. ಮನೆಯ ಮಾಲೀಕತ್ವದ ಕಾಗದ, ಪ್ಲಾನ್, ಕೋಣೆ ಮತ್ತು ಶೌಚಾಲಯದ ಫೋಟೋಗಳೂ ಬೇಕು. ಅಧಿಕಾರಿಗಳು ಬಂದು ನೋಡಿ ಹೋಗುತ್ತಾರೆ. ಮಾಹಿತಿಗೆ ಜಿಲ್ಲಾ ಪ್ರವಾಸೋದ್ಯಮ ಪ್ರಮೋಷನ್ ಕೌನ್ಸಿಲ್ ಇದೆ, ನಮ್ಮಲ್ಲಿ ಡಿಟಿಪಿಸಿ ಎಂದೇ ರೂಢಿ.

ಊಟ ತಿಂಡಿ ಕೊಡುತ್ತೀರಾ? ಹಾಗಾದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ಸಣ್ಣ ಮಟ್ಟದವರಿಗೆ ವರ್ಷಕ್ಕೆ 100 ರೂಪಾಯಿ ಅಷ್ಟೇ. ‘ನೀರ್ ದೋಸೆಗೂ ಲೈಸೆನ್ಸಾ’ ಎಂದು ನಮ್ಮ ಅತ್ತೆ ನಕ್ಕಿದ್ದರು. ಹೌದು, ದುಡ್ಡು ತೆಗೆದುಕೊಂಡರೆ ಬೇಕು.

ಡೈಮಂಡ್, ಗೋಲ್ಡ್, ಸಿಲ್ವರ್ ಅಂತಾರಲ್ಲ, ಅದು ಏನು?

ಕೇರಳ ಇಲಾಖೆ ಹೋಂಸ್ಟೇಗಳಿಗೆ ಕೊಡುವ ದರ್ಜೆ. ಕೋಣೆಯ ಅಳತೆ, ಶೌಚಾಲಯ, ಸೌಕರ್ಯ ನೋಡಿ ಕೊಡುತ್ತಾರೆ. ಸಿಲ್ವರ್ ಸಿಕ್ಕಿತು ಎಂದು ಬೇಜಾರು ಬೇಡ. ಅತಿಥಿಗಳು ದರ್ಜೆ ನೋಡಿ ಬರುವುದಿಲ್ಲ, ಫೋಟೋದಲ್ಲಿ ಬಚ್ಚಲು ಹೇಗಿದೆ ಎಂದು ನೋಡಿ ಬರುತ್ತಾರೆ.

ಒಂದು ಮಾತು ನೆನಪಿರಲಿ. ಈ ದರ್ಜೆ ಬೇರೆ, ಪಂಚಾಯತ್ ಲೈಸೆನ್ಸ್ ಬೇರೆ. ಒಂದಿದ್ದರೆ ಇನ್ನೊಂದು ಬೇಡ ಎಂದಿಲ್ಲ.

ನನಗೆ ಮಲಯಾಳ ಓದಲು ಬರುವುದಿಲ್ಲ. ಅರ್ಜಿ ಕನ್ನಡದಲ್ಲಿ ಕೊಡಬಹುದಾ?

ಕೊಡಬಹುದು. ಇದು ಯಾರೋ ದಯೆಯಿಂದ ಕೊಟ್ಟದ್ದಲ್ಲ, ನಮ್ಮ ಹಕ್ಕು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟರಿಯೇಟ್, ಇಲಾಖೆಯ ಮುಖ್ಯಸ್ಥರು, ತಾವು ಹೆಚ್ಚಾಗಿರುವ ಪ್ರದೇಶದ ಸರ್ಕಾರಿ ಕಚೇರಿಗಳು, ಇವುಗಳ ಜೊತೆ ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ಮಾಡಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಸಂವಿಧಾನದ 350ನೇ ವಿಧಿಯೂ ಯಾವುದೇ ದೂರನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಕೊಡಲು ಬಿಡುತ್ತದೆ.

ಕಾಗದದಲ್ಲಿ ಹೀಗೆ. ಕೌಂಟರಿನಲ್ಲಿ ಹೇಗೆ ಎಂದು ನಿಮಗೂ ಗೊತ್ತು. ಒಂದು ಕಚೇರಿಯಲ್ಲಿ ನನ್ನ ಕನ್ನಡ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ ‘ಇದನ್ನು ಓದುವವರು ಇವತ್ತು ರಜೆ’ ಎಂದರು. ಮರುದಿನ ಹೋದೆ. ಅದರ ಮರುದಿನವೂ ಹೋದೆ. ಮೂರನೇ ದಿನ ಸ್ವೀಕೃತಿ ಸಿಕ್ಕಿತು. ಆನ್‌ಲೈನ್ ಫಾರ್ಮ್ ಮಲಯಾಳ ಅಥವಾ ಇಂಗ್ಲಿಷಿನಲ್ಲಿದ್ದರೆ ಅಕ್ಷಯ ಕೇಂದ್ರದಲ್ಲಿ ತುಂಬಿಸಿ, ಜೊತೆಗೆ ಕನ್ನಡದ ಪತ್ರವನ್ನೂ ಲಗತ್ತಿಸಿ. ಯಾವುದೇ ಕಾಗದಕ್ಕೆ ಅರ್ಥವಾಗದೆ ಸಹಿ ಹಾಕಬೇಡಿ.

ಭಾವ ಪುತ್ತೂರಿನಲ್ಲಿ ಹೋಂಸ್ಟೇ ಮಾಡಿದ್ದಾರೆ, ಕರ್ನಾಟಕದ ಸರ್ಟಿಫಿಕೇಟ್ ಇದೆ. ಅದೇ ಹೆಸರಿನಲ್ಲಿ ನಾವೂ ಇಲ್ಲಿ ಮಾಡಬಹುದಾ?

ಹೆಸರು ಒಂದೇ ಇಟ್ಟುಕೊಳ್ಳಿ, ಕಾಗದ ಬೇರೆಯೇ ಬೇಕು. ಪ್ರವಾಸೋದ್ಯಮ, ಪಂಚಾಯತ್, ಪೊಲೀಸ್ ಎಲ್ಲವೂ ರಾಜ್ಯದ ಕೈಯಲ್ಲಿವೆ. ಗಡಿಯ ತಲಪಾಡಿ ದಾಟಿದರೆ ಆಡುವ ತುಳು ಅದೇ, ಮಾಡುವ ಪತ್ರೊಡೆ ಅದೇ, ಫೈಲು ಮಾತ್ರ ಬೇರೆ. ಕೊಡಗು, ಚಿಕ್ಕಮಗಳೂರಿನವರು ಬರೆದ ‘ಹೋಂಸ್ಟೇ ಶುರು ಮಾಡುವುದು ಹೇಗೆ’ ಎಂಬ ಲೇಖನ ಓದಿ ಅರ್ಜಿ ತಯಾರಿಸಿದವರನ್ನು ನೋಡಿದ್ದೇನೆ. ಪೂರ್ತಿ ದಂಡ. ಆದಾಯ ತೆರಿಗೆ, ವಿದೇಶಿಯರ ನೋಂದಣಿ, ಗ್ರಾಹಕ ಕಾನೂನು ಮಾತ್ರ ಎರಡೂ ಕಡೆ ಒಂದೇ, ಏಕೆಂದರೆ ಅವು ಕೇಂದ್ರದವು.

ನಮ್ಮದು ಕಡಲ ಬದಿಯ ಹಳೆಯ ಮನೆ. ಅಲ್ಲಿ ಅತಿಥಿಗಳನ್ನು ಇರಿಸಬಹುದಾ?

ಇದಕ್ಕೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ನಮ್ಮ ಜಿಲ್ಲೆಯ ಉದ್ದಕ್ಕೂ ಕಡಲು. ಕಡಲ ಬದಿಗೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಅನ್ವಯಿಸುತ್ತದೆ. ಈಗಿನದು 2019ರ ಅಧಿಸೂಚನೆ.

ಅದರಲ್ಲಿ ಹಳ್ಳಿಯ ಕಡೆಯ ತೀರವನ್ನು ಎರಡು ಮಾಡಿದ್ದಾರೆ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿದ್ದರೆ 3ಎ. ಅಲ್ಲಿ ಉಬ್ಬರದ ಗೆರೆಯಿಂದ 50 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಜನ ಕಡಿಮೆ ಇದ್ದರೆ 3ಬಿ. ಅಲ್ಲಿ ಆ ದೂರ 200 ಮೀಟರ್.

ಹಳೆಯ ಮನೆಗೆ ಒಂದು ಒಳ್ಳೆಯ ದಾರಿ ಇದೆ. ಮೀನುಗಾರರು ಸೇರಿದಂತೆ ಸ್ಥಳೀಯರು ತಮ್ಮ ಈಗಿನ ಮನೆಯಲ್ಲೇ ಹೋಂಸ್ಟೇ ಮಾಡಬಹುದು ಎಂದು ಆ ಅಧಿಸೂಚನೆಯೇ ಹೇಳುತ್ತದೆ. ಷರತ್ತು ಏನೆಂದರೆ, ಮನೆಯ ಅಡಿಪಾಯದ ಅಳತೆ, ವಿನ್ಯಾಸ, ಮುಂಭಾಗ ಬದಲಾಗಬಾರದು. ಅಂದರೆ ಇದ್ದ ಮನೆಗೆ ಸುಣ್ಣ ಬಳಿದು, ಹಾಸಿಗೆ ಹಾಕಿ, ಬಚ್ಚಲು ಸರಿ ಮಾಡಿ ಕೊಡಬಹುದು. ಮುಂದೆ ಶೀಟು ಇಳಿಸಿ ಎರಡು ಕೋಣೆ ಎಬ್ಬಿಸಿದರೆ ಕೆಟ್ಟಿತು. ನನಗೆ ಗೊತ್ತಿರುವ ಒಬ್ಬರು ‘ತಾತ್ಕಾಲಿಕ’ ಎಂದು ಕಾಂಕ್ರೀಟ್ ತಳ ಹಾಕಿಸಿ ಆಮೇಲೆ ಒಡೆಸಬೇಕಾಯಿತು. ಒಡೆಸಲು ಕೊಟ್ಟ ಕೂಲಿ ಕಟ್ಟಿಸಿದ್ದಕ್ಕಿಂತ ಜಾಸ್ತಿಯಂತೆ.

ಅಣ್ಣ ದುಬೈಯಲ್ಲಿದ್ದಾನೆ. ಅವನ ಫ್ಲಾಟ್ ಖಾಲಿ. ದಿನದ ಲೆಕ್ಕದಲ್ಲಿ ಕೊಟ್ಟರೆ?

ನಮ್ಮ ಜಿಲ್ಲೆಯಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಆದರೆ ಮೇಲೆ ಹೇಳಿದಂತೆ ಇದು ಹೋಂಸ್ಟೇ ಆಗುವುದಿಲ್ಲ. ಕೇರಳದಲ್ಲಿ ಸರ್ವಿಸ್ಡ್ ವಿಲ್ಲಾ ಎಂಬ ಬೇರೆ ವರ್ಗವಿದೆ, ಆದರೆ ಪೇಟೆಯ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯ ಎರಡು ಬೆಡ್‌ರೂಮಿನ ಮನೆಯನ್ನು ವಿಲ್ಲಾ ಎನ್ನಲಾಗುತ್ತದಾ, ನೀವೇ ಹೇಳಿ.

ಮೊದಲು ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಬೈಲಾ ಓದಿ. ದಿನದ ಬಾಡಿಗೆ ಕೂಡದು ಎಂದಿದ್ದರೆ ಅಲ್ಲಿಗೇ ಬಿಡಿ. ನೆರೆಯವರ ಕಡೆಯಿಂದಲೂ ಒಮ್ಮೆ ನೋಡಿ. ಲಿಫ್ಟಿನಲ್ಲಿ ದಿನಕ್ಕೊಂದು ಹೊಸ ಮುಖ, ರಾತ್ರಿ ಹನ್ನೊಂದಕ್ಕೆ ತಪ್ಪು ಮನೆಯ ಗಂಟೆ ಒತ್ತುವವರು, ಕೀ ಕಳೆದುಕೊಂಡು ವಾಚ್‌ಮನ್‌ನನ್ನು ಎಬ್ಬಿಸುವವರು. ಹೊಣೆ ಹೊರಲು ಯಾರೂ ಇಲ್ಲ, ಯಜಮಾನ ದುಬೈಯಲ್ಲಿ. ನನ್ನ ಅಭಿಪ್ರಾಯ ಕೇಳಿದರೆ, ಹನ್ನೊಂದು ತಿಂಗಳ ಕರಾರು ಮಾಡಿ ಒಂದು ಕುಟುಂಬಕ್ಕೆ ಕೊಡಿ. ಹಣ ಸ್ವಲ್ಪ ಕಡಿಮೆ, ನಿದ್ದೆ ಜಾಸ್ತಿ.

ಜಿಎಸ್‌ಟಿ ನೋಂದಣಿ ಬೇಕಾ?

ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದಿದ್ದರೆ ಬೇಡ. ಎರಡು ಮೂರು ಕೋಣೆಯ ಮನೆ ಅಲ್ಲಿಗೆ ಮುಟ್ಟುವುದು ಕಷ್ಟ.

ಆದರೆ ಅತಿಥಿಯ ಬಿಲ್ಲಿನಲ್ಲಿ ಜಿಎಸ್‌ಟಿ ಕಾಣುತ್ತದಲ್ಲ, ಅದು ಹೇಗೆ ಎಂದು ಕೇಳುತ್ತಾರೆ. ಜಿಎಸ್‌ಟಿ ಕಾಯ್ದೆಯ 9(5)ನೇ ಸೆಕ್ಷನ್ ಪ್ರಕಾರ, ನೋಂದಣಿ ಬೇಕಿಲ್ಲದ ಸಣ್ಣವರು ಆಪ್ ಮೂಲಕ ಕೋಣೆ ಕೊಟ್ಟಾಗ ತೆರಿಗೆ ಕಟ್ಟಬೇಕಾದವರು ಆಪ್‌ನವರು. ಅತಿಥಿಯಿಂದ ಪಡೆದು ಸರ್ಕಾರಕ್ಕೆ ಅವರೇ ಕಟ್ಟುತ್ತಾರೆ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ದರ ಮೊದಲು 12% ಇತ್ತು. 2025ರ ಸೆಪ್ಟೆಂಬರ್ 22ರಿಂದ 5%. ಅದಕ್ಕಿಂತ ದುಬಾರಿ ಕೋಣೆಗೆ 18%. ಸಾವಿರ ರೂಪಾಯಿಯೊಳಗಿನ ಕೋಣೆಗೆ ಒಂದು ಕಾಲದಲ್ಲಿ ತೆರಿಗೆಯೇ ಇರಲಿಲ್ಲ. 2022ರ ಜುಲೈನಲ್ಲಿ ಆ ವಿನಾಯಿತಿ ಹೋಯಿತು.

ಅತಿಥಿ 3,000 ಕೊಟ್ಟರು, ನನ್ನ ಖಾತೆಗೆ ಅಷ್ಟು ಬರಲಿಲ್ಲ. ಮಧ್ಯೆ ಎಲ್ಲಿಗೆ ಹೋಯಿತು?

ಮೂರು ಕಡೆ. ಒಂದು, ಮೇಲೆ ಹೇಳಿದ ಜಿಎಸ್‌ಟಿ. ಎರಡು, ಆಪ್‌ನ ಕಮಿಷನ್ ಮತ್ತು ಆ ಕಮಿಷನ್ ಮೇಲಿನ ಜಿಎಸ್‌ಟಿ. ಮೂರು, ಆದಾಯ ತೆರಿಗೆಯ ಕಡಿತ. ಇದು ಮೊದಲು 1% ಇತ್ತು, 2024ರ ಅಕ್ಟೋಬರ್‌ನಿಂದ 0.1%. ಪ್ಯಾನ್ ಅಥವಾ ಆಧಾರ್ ಕೊಟ್ಟ ವ್ಯಕ್ತಿಗೆ ಆ ಆಪ್ ಮೂಲಕ ವರ್ಷಕ್ಕೆ 5 ಲಕ್ಷದೊಳಗೆ ಬಂದರೆ ಅದನ್ನೂ ಹಿಡಿಯುವಂತಿಲ್ಲ. ಪ್ಯಾನ್ ಕೊಡದಿದ್ದರೆ ಜಾಸ್ತಿ ಹಿಡಿಯುತ್ತಾರೆ. ಹಿಡಿದದ್ದು ಆದಾಯ ತೆರಿಗೆ ಇಲಾಖೆಯ ನಿಮ್ಮ ತೆರಿಗೆ ಲೆಕ್ಕಪಟ್ಟಿಯಲ್ಲಿ (26ಎಎಸ್) ಕಾಣುತ್ತದೆ. ರಿಟರ್ನ್ ಹಾಕುವಾಗ ಅದನ್ನು ಬಿಟ್ಟುಬಿಡಬೇಡಿ.

ಕಮಿಷನ್ ಎಷ್ಟು ಎಂಬುದು ಆಪಿನಿಂದ ಆಪಿಗೆ ಬೇರೆ. ಸೇರುವಾಗಲೇ ‘ನನ್ನ ಕೈಗೆ ಬರುವುದೆಷ್ಟು’ ಎಂಬ ಅಂಕಿ ನೋಡಿ, ‘ಅತಿಥಿ ಕೊಡುವುದೆಷ್ಟು’ ಎಂಬುದನ್ನಲ್ಲ. ಆಫರ್, ಕೂಪನ್, ‘ಮೊದಲ ಮೂವರಿಗೆ 20% ಕಡಿಮೆ’ ಎಂಬುದೆಲ್ಲ ನಮ್ಮ ಕಿಸೆಯಿಂದಲೇ ಹೋಗುವುದುಂಟು.

ನೇರವಾಗಿ ಫೋನ್ ಮಾಡಿದವರಿಗೆ ಕಡಿಮೆ ದರ ಹೇಳಬಹುದಾ?

ಒಪ್ಪಂದದಲ್ಲಿ ಏನಿದೆ ಎಂದು ಮೊದಲು ನೋಡಿ. ಕೆಲವು ಆಪ್‌ಗಳು ‘ನಮಗಿಂತ ಕಡಿಮೆಗೆ ಬೇರೆ ಕಡೆ ಕೊಡಬೇಡಿ’ ಎಂದು ಕಟ್ಟು ಹಾಕುತ್ತವೆ. ಈ ವಿಷಯ ಭಾರತೀಯ ಸ್ಪರ್ಧಾ ಆಯೋಗದವರೆಗೂ ಹೋಗಿತ್ತು. 2022ರ ಅಕ್ಟೋಬರ್‌ನಲ್ಲಿ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೋಗೆ 223.48 ಕೋಟಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ಹಾಕಿತು. ಬೇರೆ ಬುಕ್ಕಿಂಗ್ ಆಪ್‌ಗಳಲ್ಲಿ ಇಂತಿಷ್ಟೇ ದರ ಇರಬೇಕು ಎಂದು ಹೋಟೆಲ್‌ಗಳನ್ನು ಕಟ್ಟಿಹಾಕುವ ಷರತ್ತನ್ನು ತೆಗೆಯಿರಿ ಎಂದು ಮೇಕ್‌ಮೈಟ್ರಿಪ್‌ಗೆ ಹೇಳಿತು. ಎರಡು ಕೋಣೆಯ ನಮಗೂ ಸಾವಿರ ಕೋಣೆಯ ಹೋಟೆಲಿಗೂ ಇದರಲ್ಲಿ ಸಂಕಟ ಒಂದೇ ನೋಡಿ.

ಇನ್ನು, ಒಮ್ಮೆ ಆಪ್‌ನಿಂದ ಬಂದವರು ಎರಡನೇ ಸಲ ನೇರ ಫೋನ್ ಮಾಡುತ್ತಾರೆ. ಅದು ಸಹಜ. ಆದರೆ ಆಪ್‌ನಲ್ಲಿ ಆಗಿರುವ ಬುಕ್ಕಿಂಗನ್ನೇ ರದ್ದು ಮಾಡಿಸಿ ‘ನೇರ ಬನ್ನಿ’ ಎನ್ನುವುದು ಸರಿಯಲ್ಲ. ಗೊತ್ತಾದರೆ ಲಿಸ್ಟಿಂಗ್ ಹೋಗುತ್ತದೆ.

ವಿದೇಶಿಯರು ಬಂದರೆ?

ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಬಾಯಿಮಾತಿನಲ್ಲಿ ಇದು ಇವತ್ತಿಗೂ ‘ಫಾರ್ಮ್ ಸಿ’. ಹಿಂದೆ 1946ರ ವಿದೇಶಿಯರ ಕಾಯ್ದೆ, 1939ರ ನೋಂದಣಿ ಕಾಯ್ದೆ ಇತ್ತು. 2025ರ ಸೆಪ್ಟೆಂಬರ್ 1ರಿಂದ ಅವುಗಳ ಜಾಗದಲ್ಲಿ ಇಮಿಗ್ರೇಷನ್ ಮತ್ತು ವಿದೇಶಿಯರ ಕಾಯ್ದೆ, 2025 ಬಂದಿದೆ. ಹೊಣೆ ಮಾತ್ರ ಹಾಗೆಯೇ ಇದೆ: ಮಲಗಲು ಜಾಗ ಕೊಟ್ಟವರು ತಿಳಿಸಬೇಕು. ಆಪ್ ತಿಳಿಸುವುದಿಲ್ಲ.

ಮೊದಲೇ ಲಾಗಿನ್ ಮಾಡಿಸಿಕೊಳ್ಳಿ. ಅತಿಥಿ ಬಂದ ಮೇಲೆ ಲಾಗಿನ್‌ಗೆ ಅರ್ಜಿ ಹಾಕಿದರೆ 24 ಗಂಟೆ ಎಲ್ಲಿ ಸಾಕು? ನಮಗೆ ಮೊದಲ ವರ್ಷ ಹೀಗೇ ಆಯಿತು. ಮಳೆಗಾಲ, ಕರೆಂಟಿಲ್ಲ, ನೆಟ್ ಇಲ್ಲ, ಮನೆಯಲ್ಲಿ ಇಬ್ಬರು ಫ್ರೆಂಚರು. ಮೂರನೇ ದಿನ ಠಾಣೆಯಿಂದ ಫೋನ್ ಬಂತು. ಬೈದರು, ಬೈಸಿಕೊಂಡೆ. ತಪ್ಪು ನಮ್ಮದೇ. ಈಗ ಪಾಸ್‌ಪೋರ್ಟ್ ಮತ್ತು ವೀಸಾದ ಫೋಟೋವನ್ನು ಬರುವ ಮೊದಲೇ ತರಿಸಿಕೊಂಡು, ಅವರು ಚಪ್ಪಲಿ ಬಿಚ್ಚುವಾಗಲೇ ತುಂಬಿಸಿಬಿಡುತ್ತೇನೆ.

ಗಲ್ಫ್‌ನಿಂದ ಬರುವ ನಮ್ಮವರಿಗೂ ಇದು ಬೇಕಾ?

ಭಾರತದ ಪಾಸ್‌ಪೋರ್ಟ್ ಇದ್ದರೆ ಬೇಡ. ಎಲ್ಲಿ ಕೆಲಸ ಮಾಡುತ್ತಾರೆ ಎಂಬುದು ಮುಖ್ಯವಲ್ಲ, ಯಾವ ಪಾಸ್‌ಪೋರ್ಟ್ ಎಂಬುದು ಮುಖ್ಯ.

ಅತಿಥಿಗಳ ಆಧಾರ್ ಪ್ರತಿ ಇಟ್ಟುಕೊಳ್ಳಬೇಕಾ?

ಗುರುತಿನ ಚೀಟಿ ನೋಡಿ, ರಿಜಿಸ್ಟರಿನಲ್ಲಿ ಹೆಸರು, ವಿಳಾಸ, ಫೋನ್, ಬಂದ ಹೊತ್ತು, ಹೋದ ಹೊತ್ತು ಬರೆಸಿ, ಸಹಿ ಹಾಕಿಸಿ. ಬುಕ್ ಮಾಡಿದವರದ್ದು ಮಾತ್ರವಲ್ಲ, ಉಳಿಯುವ ಎಲ್ಲರದ್ದೂ. ಆಧಾರೇ ಆಗಬೇಕೆಂದಿಲ್ಲ. ಡ್ರೈವಿಂಗ್ ಲೈಸೆನ್ಸ್, ಮತದಾರರ ಚೀಟಿ ಆದರೂ ಸಾಕು. ಆಧಾರ್ ಕೊಡುವವರಿಗೆ ಮಾಸ್ಕ್ಡ್ ಆಧಾರ್ ಸಿಗುತ್ತದೆ, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ.

ಫೋಟೋ ತೆಗೆದು ಮನೆಯ ವಾಟ್ಸ್ಆಪ್ ಗುಂಪಿಗೆ ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಬಂದಿದೆ. ಕಾಯ್ದೆ ಇಲ್ಲದಿದ್ದರೂ, ನಂಬಿ ಕೊಟ್ಟ ಕಾಗದ ಊರೆಲ್ಲ ಸುತ್ತಬಾರದು ಅಲ್ವಾ?

ಮದುವೆಯಾಗದ ಜೋಡಿ ಬಂದರೆ ಕೋಣೆ ಕೊಡಬಹುದಾ? ಪೊಲೀಸರು ಬರುತ್ತಾರಾ?

ಇದನ್ನು ಎಲ್ಲರೂ ಪಿಸುಗುಟ್ಟಿ ಕೇಳುತ್ತಾರೆ. ಇಬ್ಬರೂ 18 ದಾಟಿದ್ದು, ಗುರುತಿನ ಚೀಟಿ ಕೊಟ್ಟರೆ ತಡೆಯುವ ಕಾನೂನು ಯಾವುದೂ ಇಲ್ಲ. ಕೊಯಮತ್ತೂರಿನಲ್ಲಿ ಇಂಥದೇ ಕಾರಣ ಹೇಳಿ ಒಂದು ಸರ್ವಿಸ್ ಅಪಾರ್ಟ್‌ಮೆಂಟಿಗೆ ಅಧಿಕಾರಿಗಳು ಬೀಗ ಹಾಕಿದ್ದರು. 2019ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ತೆಗೆಸಿತು. ಮದುವೆಯಾಗದವರು ಒಂದು ಕೋಣೆಯಲ್ಲಿ ಅತಿಥಿಗಳಾಗಿ ಉಳಿಯುವುದು ಅಪರಾಧವಲ್ಲ ಎಂದಿತು. ಅದು ನಮ್ಮ ರಾಜ್ಯದ ಕೋರ್ಟಲ್ಲ ನಿಜ, ಆದರೆ ಮಾತು ಸ್ಪಷ್ಟವಾಗಿದೆ.

ನಮ್ಮ ಕರಾವಳಿಯಲ್ಲಿ ಪೊಲೀಸರಿಗಿಂತ ಬೇರೆಯವರ ಭಯವೇ ಜಾಸ್ತಿ. 2012ರ ಜುಲೈನಲ್ಲಿ ಮಂಗಳೂರಿನ ಪಡೀಲ್‌ನಲ್ಲಿ ಹೋಂಸ್ಟೇಗೆ ನುಗ್ಗಿ ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ ಹುಡುಗಿಯರನ್ನು ಹೊಡೆದದ್ದು ಯಾರೂ ಮರೆತಿಲ್ಲ. ಯಾರೋ ಬಂದು ‘ರಿಜಿಸ್ಟರ್ ತೋರಿಸಿ’ ಎಂದರೆ ತೋರಿಸಬೇಡಿ. ಕೇಳುವ ಅಧಿಕಾರ ಪೊಲೀಸರಿಗಿದೆ, ಬೀದಿಯವರಿಗಿಲ್ಲ. ಬಾಗಿಲು ಹಾಕಿ 112ಕ್ಕೆ ಫೋನ್ ಮಾಡಿ. ನಿಮಗೆ ಒಪ್ಪಿಗೆಯಿಲ್ಲದಿದ್ದರೆ ‘ಕುಟುಂಬಗಳಿಗೆ ಮಾತ್ರ’ ಎಂದು ಲಿಸ್ಟಿಂಗ್‌ನಲ್ಲೇ ಬರೆಯಿರಿ. ಬುಕ್ಕಿಂಗ್ ಒಪ್ಪಿ, ಹಣ ತೆಗೆದುಕೊಂಡು, ರಾತ್ರಿ ಎಂಟಕ್ಕೆ ಬಾಗಿಲಲ್ಲಿ ವಾಪಸ್ ಕಳಿಸುವುದು ಮಾತ್ರ ಬೇಡ.

ಅತಿಥಿಗಳು ಮದ್ಯ ಕೇಳುತ್ತಾರೆ. ತರಿಸಿಕೊಡಬಹುದಾ?

ಲೈಸೆನ್ಸ್ ಇಲ್ಲದೆ ಮಾರುವಂತಿಲ್ಲ, ಬಿಲ್ಲಿಗೆ ಸೇರಿಸುವಂತೆಯೂ ಇಲ್ಲ. ಅಬಕಾರಿ ಕೇಸು ಸುಮ್ನೆ ಹೋಗುವುದಿಲ್ಲ. ಗಡಿ ದಾಟಿ ಮಂಗಳೂರಿನಿಂದ ತರುವ ಜಾಣತನವೂ ಬೇಡ.

ನೀರು, ಕಸದ ಬಗ್ಗೆ ನಿಯಮ ಇದೆಯಾ?

ಪ್ಲಾಸ್ಟಿಕ್ ಮುಂತಾದ ಕೊಳೆಯದ ಕಸವನ್ನು ತಿಂಗಳಿಗೊಮ್ಮೆ ಮನೆಗೆ ಬಂದು ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಕೊಡಿ, ರಶೀದಿ ಇಟ್ಟುಕೊಳ್ಳಿ. ಪಂಚಾಯತ್‌ನಲ್ಲಿ ಯಾವ ಕೆಲಸಕ್ಕೆ ಹೋದರೂ ಅದನ್ನು ಕೇಳುವುದುಂಟು. ಬೆಂಕಿ ಹಾಕಬೇಡಿ.

ನೀರಿನದು ನಿಯಮಕ್ಕಿಂತ ದೊಡ್ಡ ಮಾತು. ಬಾಯಾರು, ಎಣ್ಮಕಜೆ, ಶೇಣಿ ಕಡೆ ಎಷ್ಟೋ ಮನೆಗಳಿಗೆ ಇವತ್ತಿಗೂ ಸುರಂಗದ ನೀರೇ ಗತಿ. ಕೆಂಪು ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಆ ಗುಹೆಯಿಂದ ಬೆರಳು ದಪ್ಪದ ಧಾರೆ ಬರುತ್ತದೆ. ಅದನ್ನು ಕೆರೆಯಲ್ಲಿ ಕಟ್ಟಿ ತೋಟಕ್ಕೂ ಮನೆಗೂ ಹೊಂದಿಸಬೇಕು. ಪೇಟೆಯ ನಾಲ್ವರು ಬಂದು ಬೆಳಿಗ್ಗೆ ಒಂದು ಗಂಟೆ ಷವರ್ ಕೆಳಗೆ ನಿಂತರೆ? ಏಪ್ರಿಲ್‌ನಲ್ಲಿ ನಾವು ಬುಕ್ಕಿಂಗನ್ನೇ ನಿಲ್ಲಿಸುತ್ತೇವೆ. ಬೇರೆ ತಿಂಗಳು ಅತಿಥಿಗಳನ್ನು ಸುರಂಗದ ಬಾಯಿಯವರೆಗೆ ಕರೆದುಕೊಂಡು ಹೋಗಿ ತೋರಿಸುತ್ತೇವೆ. ನೋಡಿ ಬಂದವರು ನಲ್ಲಿ ಬೇಗ ನಿಲ್ಲಿಸುತ್ತಾರೆ. ಬಚ್ಚಲಿನಲ್ಲಿ ಬೋರ್ಡ್ ಹಾಕಿದ್ದಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡಿದೆ.

ನಾನು ಅತಿಥಿ. ಬುಕ್ ಮಾಡಿ ಹೋದರೆ ಕೋಣೆಯೇ ಇರಲಿಲ್ಲ. ಯಾರನ್ನು ಹಿಡಿಯಲಿ?

ಆಪ್ ಮತ್ತು ಮನೆಯವರು ಇಬ್ಬರನ್ನೂ. ‘ನಾವು ಬರೀ ಮಧ್ಯವರ್ತಿ’ ಎಂದು ಆಪ್‌ನವರು ಕೈ ತೊಳೆಯಲು ನೋಡುತ್ತಾರೆ. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮದಂತೆ ಅವರಿಗೆ ದೂರು ಅಧಿಕಾರಿ ಇರಲೇಬೇಕು. ದೂರು ಸಿಕ್ಕಿದೆ ಎಂದು 48 ಗಂಟೆಯೊಳಗೆ ಹೇಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ತಾವು ರದ್ದು ಮಾಡಿದಾಗ ತಾವೇನೂ ಕೊಡದೆ, ಗ್ರಾಹಕ ರದ್ದು ಮಾಡಿದಾಗ ಮಾತ್ರ ಶುಲ್ಕ ಹಿಡಿಯುವಂತಿಲ್ಲ ಎಂದೂ ಅದೇ ನಿಯಮದಲ್ಲಿದೆ. ಇದನ್ನು ಓದಿದವರು ಕಡಿಮೆ.

ಅಲ್ಲಿ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಗುರುಗ್ರಾಮದಲ್ಲಿರಲಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವಿಷಯಕ್ಕೆ ಶುಲ್ಕವಿಲ್ಲ. ಬುಕ್ಕಿಂಗ್‌ನ ಸ್ಕ್ರೀನ್‌ಶಾಟ್, ಹಣ ಕಟ್ಟಿದ ರಶೀದಿ, ಬಾಗಿಲಿನ ಮುಂದೆ ನಿಂತ ಫೋಟೋ ಇಟ್ಟುಕೊಂಡಿರಿ.

‘ಇನ್ನು ಒಂದೇ ಕೋಣೆ ಉಳಿದಿದೆ, 14 ಜನ ನೋಡುತ್ತಿದ್ದಾರೆ’ ಎಂದು ಬರುತ್ತದೆ. ನಿಜವಾ?

ನಮ್ಮದು ಎರಡೇ ಕೋಣೆ, ಹಾಗಾಗಿ ನಮ್ಮಲ್ಲಿ ಹೆಚ್ಚಾಗಿ ನಿಜ! ಆದರೆ ಸುಳ್ಳು ಅವಸರ ಹುಟ್ಟಿಸುವುದು ತಪ್ಪು. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ಮೋಸದ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಮೊದಲು ಕಡಿಮೆ ದರ ತೋರಿಸಿ ಕೊನೆಯ ಪುಟದಲ್ಲಿ ಒಂದೊಂದೇ ಶುಲ್ಕ ಸೇರಿಸುವುದು, ಕೇಳದೆಯೇ ವಿಮೆಯನ್ನು ಬಿಲ್ಲಿಗೆ ತುರುಕುವುದು, ಎಲ್ಲವೂ ಅದರಲ್ಲಿವೆ.

ಬೇರೆ ದೇಶಗಳಲ್ಲಿ ಹೇಗೆ ಮಾಡುತ್ತಾರೆ?

ಅವರ ಸಂಕಟ ಬೇರೆ. ಅಲ್ಲಿ ಬಾಡಿಗೆಗೆ ಸಿಗಬೇಕಾದ ಮನೆಗಳೆಲ್ಲ ಪ್ರವಾಸಿಗಳ ಪಾಲಾಗಿ ಊರಿನವರಿಗೇ ಸೂರಿಲ್ಲದಂತಾಯಿತು. ನ್ಯೂಯಾರ್ಕ್ 2023ರ ಸೆಪ್ಟೆಂಬರ್‌ನಿಂದ ಬಿಗಿ ಮಾಡಿತು. 30 ದಿನಕ್ಕಿಂತ ಕಡಿಮೆ ಕೊಡುವುದಾದರೆ ನಗರದಲ್ಲಿ ನೋಂದಣಿ ಬೇಕು, ಮನೆಯವರು ಅಲ್ಲೇ ಇರಬೇಕು, ಇಬ್ಬರಿಗಿಂತ ಹೆಚ್ಚು ಅತಿಥಿಗಳು ಕೂಡದು. ನೋಂದಣಿ ಇಲ್ಲದ ಮನೆಯ ಬುಕ್ಕಿಂಗ್‌ನಿಂದ ಆಪ್‌ನವರು ಹಣ ಮಾಡುವಂತಿಲ್ಲ. ಜಪಾನಿನಲ್ಲಿ 2018ರಿಂದ ವರ್ಷಕ್ಕೆ 180 ದಿನದ ಮಿತಿ. ಬಾರ್ಸಿಲೋನಾ ನಗರ 2028ರ ನವೆಂಬರ್ ಹೊತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಪ್ರವಾಸಿ ಫ್ಲಾಟ್‌ಗಳ ಲೈಸೆನ್ಸ್ ನವೀಕರಿಸದೆ ಬಿಡುವುದಾಗಿ ಹೇಳಿದೆ. ಯುರೋಪಿಯನ್ ಒಕ್ಕೂಟದ 2024ರ ನಿಯಮದ ಪ್ರಕಾರ, ನೋಂದಣಿ ಇರುವ ಕಡೆ ಆ ನಂಬರು ಲಿಸ್ಟಿಂಗ್‌ನಲ್ಲೇ ಕಾಣಬೇಕು, ಆಪ್‌ಗಳು ಲೆಕ್ಕವನ್ನು ಸರ್ಕಾರಕ್ಕೆ ಕೊಡಬೇಕು. ಅದರ ಜಾರಿಗೆ 2026ರ ಮೇ 20 ಎಂದು ದಿನ ಗೊತ್ತುಮಾಡಿದ್ದರು.

ಅಂಥದ್ದೇ ಬಿಗಿ ನಮಗೂ ಬೇಕಾ?

ದಿನದ ಮಿತಿ ನಮಗೆ ಬೇಡ. ಕಾಸರಗೋಡಿನಲ್ಲಿ ಮನೆ ಸಿಗದೆ ಜನ ಊರು ಬಿಡುತ್ತಿಲ್ಲ. ಕೆಲಸ ಸಿಗದೆ ಬಿಡುತ್ತಿದ್ದಾರೆ, ಮನೆ ಖಾಲಿ ಬೀಳುತ್ತಿದೆ. 1995ರಲ್ಲಿ ಬೇಕಲ ರೆಸಾರ್ಟ್ಸ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಶುರುವಾದಾಗಿನಿಂದ ಪ್ರವಾಸೋದ್ಯಮ ಎಂದರೆ ನಮ್ಮಲ್ಲಿ ದೊಡ್ಡ ರೆಸಾರ್ಟ್ ಎಂದೇ ಆಗಿತ್ತು. ಮಂಜೇಶ್ವರ, ಪೈವಳಿಕೆ, ಬದಿಯಡ್ಕದ ಮನೆಗಳಿಗೆ ನಾಲ್ಕು ಕಾಸು ಸಿಗಲು ಹೋಂಸ್ಟೇ ಬಿಟ್ಟು ಬೇರೆ ದಾರಿ ಕಡಿಮೆ.

ಆದರೆ ಯುರೋಪಿನವರ ಆ ನಂಬರಿನ ನಿಯಮ ನಮಗೂ ಬೇಕು. ಲೈಸೆನ್ಸ್ ನಂಬರು ಇಲ್ಲದ ಮನೆಯನ್ನು ಆಪ್ ತೋರಿಸಲೇಬಾರದು. ಈಗ ಏನಾಗುತ್ತಿದೆ? ಕಾಗದ ಮಾಡಿಸಿದವರ ಮನೆಗೆ ಅಧಿಕಾರಿಗಳು ಬರುತ್ತಾರೆ, ಏಕೆಂದರೆ ಅವರ ವಿಳಾಸ ಫೈಲಿನಲ್ಲಿದೆ. ಏನೂ ಮಾಡಿಸದವರು ಅದೇ ಆಪ್‌ನಲ್ಲಿ, ಅದೇ ಪುಟದಲ್ಲಿ, ಇನ್ನೂರು ರೂಪಾಯಿ ಕಡಿಮೆಗೆ ಕೋಣೆ ಕೊಡುತ್ತಾರೆ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಫಾರ್ಮ್ ತುಂಬಿಸುವ, ಸಾಲಿನಲ್ಲಿ ನಿಲ್ಲುವ ಕೆಲಸವೆಲ್ಲ ಎರಡು ಕೋಣೆಯವರಿಗೆ, ಒಂದು ಖಾನೆ ಸೇರಿಸುವ ಕೆಲಸ ಕೋಟಿಗಟ್ಟಲೆ ವ್ಯವಹಾರದವರಿಗೆ ಬೇಡವಾ?

ಕೆಟ್ಟ ರಿವ್ಯೂ ಬಂದರೆ ತೆಗೆಸಬಹುದಾ?

ಸುಳ್ಳಾದರೆ ಸಾಕ್ಷಿ ಸಮೇತ ಆಪ್‌ಗೆ ಬರೆಯಿರಿ. ನಿಜವಾದರೆ ಸರಿ ಮಾಡಿಕೊಳ್ಳಿ. ‘ರಾತ್ರಿ ಕಪ್ಪೆಗಳ ಗಲಾಟೆ’ ಎಂದು ನಮಗೆ ಎರಡು ಸ್ಟಾರ್ ಬಂದಿದೆ. ಅದಕ್ಕೆ ಯಾವ ಕಾನೂನೂ ಇಲ್ಲ.

ಹತ್ತಿರದ ಅನಂತಪುರದಲ್ಲಿ ಮೊಸಳೆ ನೋಡಬಹುದು ಎಂದು ಲಿಸ್ಟಿಂಗ್‌ನಲ್ಲಿ ಬರೆಯಬಹುದಾ?

ಬರೆಯಬೇಡಿ. ಕೆರೆಯ ನಡುವಿನ ದೇವಸ್ಥಾನವಿದೆ ಎಂದು ಬರೆಯಿರಿ, ಅದು ಎಲ್ಲಿಗೂ ಹೋಗುವುದಿಲ್ಲ. ಆ ಕೆರೆಯ ಹಳೆಯ ಮೊಸಳೆ ಬಬಿಯ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡಿತು. ಮರುವರ್ಷ ನವೆಂಬರ್‌ನಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡದ್ದು ನಿಜ. ಆದರೆ ಅದು ನಿಮ್ಮ ಅತಿಥಿಗಳ ಚೆಕ್ಔಟ್ ಹೊತ್ತು ನೋಡಿ ಮೇಲೆ ಬರುವುದಿಲ್ಲ. ಹಾಗೆ ಬರೆದ ಒಬ್ಬರಿಗೆ ಅತಿಥಿಗಳು ‘ಹೇಳಿದ್ದು ತೋರಿಸಲಿಲ್ಲ’ ಎಂದು ಹಣ ವಾಪಸ್ ಕೇಳಿದ್ದರು.